ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ ಹಿಡಿಯುವ ಮುನ್ನ: ಹನ್ನೊಂದು ಸೂತ್ರಗಳು

2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಮೊದಲ ಐಪ್ಯಾಡನ್ನು ಬಳಸಿ ತೋರಿಸಿದ್ದು ವೇದಿಕೆಯ ಮೇಲಿದ್ದ ಒರಗು ಕುರ್ಚಿಯಲ್ಲಿ ಆರಾಮಾಗಿ ಕುಳಿತು. ಮುಂದೆ ಆಫೀಸಿನ ಮೇಜು ಇರಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಮಾತಿನ ಧಾಟಿಯೇ ಬೇರೆಯಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಪ್ರೊ 3 ಲ್ಯಾಪ್‌ಟಾಪಿನ ಜಾಗಕ್ಕೇ ಬರಬಲ್ಲದು ಎಂದು ಜಾಹೀರಾತು ಮಾಡಿತು. 2015ರಲ್ಲಿ ದೊಡ್ಡ ಪರದೆಯ ಐಪ್ಯಾಡ್ ಪ್ರೊ ಬಂದಾಗ ಆ್ಯಪಲ್‌ನ ಟಿಮ್ ಕುಕ್, ಇನ್ನು ಯಾರಾದರೂ ಪಿ.ಸಿ. ಯಾಕೆ ಕೊಳ್ಳಬೇಕು ಎಂದು ಕೇಳಿದರು.

ವೇಗದ ಬಗ್ಗೆ ಇವತ್ತು ತಕರಾರಿಲ್ಲ. 2021ರಿಂದ ಐಪ್ಯಾಡ್ ಪ್ರೊ ಒಳಗಿರುವುದು ಮ್ಯಾಕ್‌ನಲ್ಲಿರುವ ಎಂ ಸರಣಿಯ ಚಿಪ್ಪೇ. ಅಷ್ಟಾದರೂ ಆಡಿಟರ್ ಆಫೀಸಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಟ್ಯಾಬ್ ಇಟ್ಟುಕೊಂಡು ಕೆಲಸ ಮಾಡುವವರು ಕಣ್ಣಿಗೆ ಬೀಳುವುದು ಅಪರೂಪ. ಕೆಲಸ ಯಾರ ಕೈಯಿಂದ ಬಂತು, ಮುಗಿದ ಮೇಲೆ ಯಾರ ಕೈಗೆ ಹೋಗಬೇಕು ಎನ್ನುವುದರಲ್ಲಿ ಇದರ ಗುಟ್ಟಿದೆ. ಅಂಗಡಿಯವನು ತೋರಿಸುವ ಚಿಪ್ಪಿನ ಅಂಕಿಗಳಲ್ಲಿ ಅದು ಸಿಗುವುದಿಲ್ಲ.

1. ಕೊನೆಯ ಹೆಜ್ಜೆಯಿಂದ ಲೆಕ್ಕ ಹಾಕಿ

ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ನಿಮ್ಮ ಕೈಗೆ ಬಂದ ಫೈಲು ಯಾವುದು, ನೀವು ಅದಕ್ಕೆ ಏನು ಮಾಡಿದಿರಿ, ಯಾವ ರೂಪದಲ್ಲಿ ಯಾರಿಗೆ ಕಳಿಸಿದಿರಿ ಎಂದು ಗುರುತು ಹಾಕಿ. ನಡುವಿನ ಕೆಲಸ ಬಹುಪಾಲು ಟ್ಯಾಬ್‌ನಲ್ಲಿ ಆಗುವಂಥದ್ದೇ. ಸಿಕ್ಕಿಹಾಕಿಕೊಳ್ಳುವುದು ಕಳಿಸುವಾಗ. 2021ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಕೆಂಪು ಚೀಲದೊಳಗೆ ಟ್ಯಾಬ್ ಇಟ್ಟುಕೊಂಡು ಬಂದು ಕೇಂದ್ರ ಬಜೆಟ್ ಓದಿದರು. ಓದಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಆ ಬಜೆಟ್ಟಿನ ಕೋಷ್ಟಕಗಳನ್ನೂ ಯಾರೋ ಟ್ಯಾಬ್ ಮೇಲೆ ಬೆರಳಾಡಿಸಿ ಹೊಂದಿಸಿದರು ಎಂದರೆ ನಾನಂತೂ ನಂಬುವುದಿಲ್ಲ. ನಿಮ್ಮ ಉದ್ಯೋಗದಲ್ಲಿ ಓದುವ ಪಾಲು ಎಷ್ಟು, ಹೊಂದಿಸುವ ಪಾಲು ಎಷ್ಟು?

2. ಹಟಮಾರಿ ತಂತ್ರಾಂಶದ ಹೆಸರು ಬರೆದುಕೊಳ್ಳಿ

ಪ್ರತಿ ಉದ್ಯೋಗಕ್ಕೂ ಇಂಥದೊಂದು ಇದ್ದೇ ಇರುತ್ತದೆ. ಲೆಕ್ಕಪತ್ರದವರಿಗೆ ಟ್ಯಾಲಿ. ಬೆಂಗಳೂರಿನ ಕಂಪನಿಯೇ ಮಾಡಿದ ಈ ತಂತ್ರಾಂಶ ಓಡುವುದು ವಿಂಡೋಸ್ ಮೇಲೆ. ಬ್ರೌಸರಿನಲ್ಲಿ ವರದಿ ನೋಡಬಹುದು, ಬಾಡಿಗೆಯ ಸರ್ವರ್ ಮೇಲಿಟ್ಟು ದೂರದಿಂದ ಬಳಸಬಹುದು, ಐಪ್ಯಾಡ್ ಒಳಗೇ ಹಾಕಿಕೊಂಡು ವೋಚರ್ ಹೊಡೆಯಲು ಆಗುವುದಿಲ್ಲ. ಪುಸ್ತಕ ವಿನ್ಯಾಸ ಮಾಡುವವರಿಗೆ ಇನ್‌ಡಿಸೈನ್. ಅಡೋಬಿ ಫೋಟೋಶಾಪನ್ನು 2019ರಲ್ಲೇ ಐಪ್ಯಾಡಿಗೆ ತಂದಿತು, ಇನ್‌ಡಿಸೈನನ್ನು ಅಲ್ಲಿಗೆ ತರಲಿಲ್ಲ. ಐಫೋನ್ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್. ತಮಾಷೆಯೆಂದರೆ ಆ್ಯಪಲ್ಲಿನ ಈ ತಂತ್ರಾಂಶ ಆ್ಯಪಲ್ಲಿನದೇ ಟ್ಯಾಬ್ ಮೇಲೆ ಓಡುವುದಿಲ್ಲ.

ಎಲ್ಲರನ್ನೂ ಬೀಳಿಸುವ ಗುಂಡಿ ಮಾತ್ರ ಎಕ್ಸೆಲ್. ‘ಎಕ್ಸೆಲ್ ಬರುತ್ತದಲ್ಲ’ ಎಂದು ಅಂಗಡಿಯಲ್ಲಿ ಕೇಳುತ್ತೀರಿ, ‘ಬರುತ್ತದೆ ಸಾರ್’ ಎನ್ನುತ್ತಾರೆ, ಇಬ್ಬರದೂ ಸುಳ್ಳಲ್ಲ. ಮನೆಗೆ ಬಂದು ಹಿಂದಿನವರು ಮ್ಯಾಕ್ರೋ ಬರೆದಿಟ್ಟ ಸಂಬಳದ ಶೀಟು ತೆರೆದರೆ ಅಂಕಿಗಳೆಲ್ಲ ಕಾಣುತ್ತವೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಟ್ಯಾಬ್‌ನ ಎಕ್ಸೆಲ್ ಮ್ಯಾಕ್ರೋ ಓಡಿಸುವುದಿಲ್ಲ. ಆಂಡ್ರಾಯ್ಡ್ ಆಗಲಿ ಐಪ್ಯಾಡ್ ಆಗಲಿ, ಕಥೆ ಒಂದೇ. ಹಾಗಾಗಿ ಕೊಳ್ಳುವ ಮೊದಲು ಆ್ಯಪ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ನಿಮ್ಮ ಅತಿ ಕಗ್ಗಂಟಿನ ಫೈಲನ್ನು ನಿಮಗೇ ಮೇಲ್ ಮಾಡಿಕೊಂಡು, ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಟ್ಯಾಬ್‌ನಲ್ಲಿ ತೆರೆದು ನೋಡಿ. ನೋಡಿದ ಮೇಲೆ ಅಳಿಸಿ, ಲಾಗ್ಔಟ್ ಆಗಿ ಬನ್ನಿ.

3. ಸಹಿ ಹಾಕುವ ಟೋಕನ್ ಎಲ್ಲಿ ಚುಚ್ಚುತ್ತೀರಿ?

ಪೆನ್‌ಡ್ರೈವಿನಂತೆ ಕಾಣುವ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಡ್ರಾಯರಿನಲ್ಲಿದ್ದರೆ, ಲ್ಯಾಪ್‌ಟಾಪ್ ಮಾರುವ ಯೋಚನೆಯನ್ನು ಇಲ್ಲಿಗೇ ನಿಲ್ಲಿಸಬಹುದು. ಕಂಪನಿಗಳು, ಎಲ್‌ಎಲ್‌ಪಿಗಳು ಜಿಎಸ್‌ಟಿ ಕಾಗದಪತ್ರಕ್ಕೆ ಈ ಸಹಿ ಹಾಕಬೇಕು. ಕಂಪನಿ ವ್ಯವಹಾರಗಳ ಇಲಾಖೆಯ ಫಾರಂಗಳಿಗೂ ಬೇಕು. ಸರ್ಕಾರಿ ಟೆಂಡರ್ ಹಾಕುವ ಗುತ್ತಿಗೆದಾರರಿಗೂ ಬೇಕು. ಟೋಕನ್ನಿನ ಡ್ರೈವರ್ ಇರಲಿ, ಅದರ ಜೊತೆ ಓಡಬೇಕಾದ ಇಎಂಸೈನರ್ ಎಂಬ ಸಹಿ ತಂತ್ರಾಂಶ ಇರಲಿ, ಕಂಪ್ಯೂಟರ್ ಇದೆ ಎಂದುಕೊಂಡೇ ಮಾಡಿದಂಥವು. ಒಂಟಿ ಮಾಲೀಕತ್ವದ ವ್ಯಾಪಾರ ನಿಮ್ಮದಾದರೆ ಮೊಬೈಲಿಗೆ ಬರುವ ಒಟಿಪಿಯಿಂದಲೇ ಜಿಎಸ್‌ಟಿ ರಿಟರ್ನ್ ಮುಗಿಯುತ್ತದೆ. ನಿಮಗೆ ಈ ಸೂತ್ರ ಲಾಗೂ ಇಲ್ಲ.

4. ಹಳೆಯ ಕನ್ನಡ ಫೈಲುಗಳನ್ನು ತೆರೆದು ನೋಡಿ

ಐಪ್ಯಾಡ್ ಬಗ್ಗೆ ಬರೆಯುವ ಅಮೆರಿಕದ ವಿಮರ್ಶಕರು ಯಾರೂ ಹೇಳದ, ನಮ್ಮವರಿಗೆ ಮೊದಲ ದಿನವೇ ಎದುರಾಗುವ ಸಮಸ್ಯೆ ಇದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ವಿಂಡೋಸ್ ಮೇಲೆ ಓಡುವಂಥದ್ದು. ಅದರ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ. ಫಾಂಟು ಇರುವ ಕಂಪ್ಯೂಟರಿನಲ್ಲಿ ಸೊಗಸಾದ ಕನ್ನಡ; ಫಾಂಟು ಇಲ್ಲದ ಟ್ಯಾಬ್‌ನಲ್ಲಿ ಅದೇ ಫೈಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಹದಿನೈದು ವರ್ಷದ ಸಂಘದ ನಡಾವಳಿ, ಪ್ರಶ್ನೆಪತ್ರಿಕೆ, ಕರಾರುಪತ್ರದ ಮಾದರಿ, ಅರ್ಧ ಮುಗಿದ ಕಾದಂಬರಿ ಎಲ್ಲವೂ ಈ ರೂಪದಲ್ಲೇ ಇರುವ ಮನೆಗಳು ಬೇಕಾದಷ್ಟಿವೆ.

ಪಿಡಿಎಫ್ ಮಾಡಿಟ್ಟುಕೊಂಡರೆ ಓದಲು ತೊಂದರೆಯಿಲ್ಲ, ಫಾಂಟು ಅದರೊಳಗೇ ಸೇರಿರುತ್ತದೆ. ಆದರೆ ಅದರಿಂದ ಒಂದು ವಾಕ್ಯ ನಕಲು ಮಾಡಿ ವಾಟ್ಸ್ಆ್ಯಪಿಗೆ ಹಾಕಿ ನೋಡಿ, ಮತ್ತೆ ಅದೇ ಚಿಹ್ನೆಗಳು. ದಾರಿ ಒಂದೇ: ಲ್ಯಾಪ್‌ಟಾಪ್ ಇನ್ನೂ ಕೈಯಲ್ಲಿರುವಾಗಲೇ ಬೇಕಾದ ಫೈಲುಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ, ಎಡವಟ್ಟಾಗುವುದು ಅಲ್ಲೇ. ನಿಮ್ಮ ಮುದ್ರಕರು ಈಗಲೂ ಹಳೆಯ ಫಾಂಟಿನ ಫೈಲನ್ನೇ ಕೇಳುವವರಾದರೆ ಅವರನ್ನು ಮೊದಲು ವಿಚಾರಿಸಿ.

ಟೈಪಿಂಗ್ ವಿಚಾರ ಬೇರೆ. ಪರದೆಯ ಮೇಲಿನ ಕೀಲಿಮಣೆಯಲ್ಲಿ ಕನ್ನಡ ಸಲೀಸು. ಮಾತಾಡಿದರೆ ಬರೆದುಕೊಡುವ ಸೌಲಭ್ಯವೂ ಕರಡಿಗೆ ಸಾಕು. ಹೊರಗಿನ ಕೀಬೋರ್ಡ್ ಜೋಡಿಸಿದಾಗ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಪಳಗಿದ ನಿಮ್ಮ ಬೆರಳಿಗೆ ಆ ಟ್ಯಾಬ್ ಏನು ಕೊಡುತ್ತದೆ ಎನ್ನುವುದನ್ನು ಅಂಗಡಿಯಲ್ಲೇ ನಾಲ್ಕು ಸಾಲು ಹೊಡೆದು ತಿಳಿಯಬೇಕು. ಮಾರುವವರಿಗೆ ಈ ಪ್ರಶ್ನೆಯೇ ಅರ್ಥವಾಗದೆ ಇರಬಹುದು, ಬೇಸರ ಬೇಡ.

5. ಪೆನ್ ಹಿಡಿಯುವ ಕೆಲಸವಾದರೆ ಹಿಂದೆಮುಂದೆ ನೋಡಬೇಡಿ

ಕೇಸಿನ ಕಟ್ಟು ಓದಿ ಅಂಚಿನಲ್ಲಿ ಗುರುತು ಮಾಡುವ ವಕೀಲರು, ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು, ಸೈಟಿನಲ್ಲಿ ನಿಂತೇ ನಕ್ಷೆಯ ಮೇಲೆ ಗೆರೆ ಎಳೆಯಬೇಕಾದ ಎಂಜಿನಿಯರ್, ಚಿತ್ರ ಬರೆಯುವವರು: ಇವರಿಗೆ ಟ್ಯಾಬ್ ಲ್ಯಾಪ್‌ಟಾಪಿಗಿಂತ ಒಂದು ಕೈ ಮೇಲು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ 2018ರಲ್ಲಿ ಅನಾವರಣಗೊಂಡ ರಾಣಿಯ ಹೆಸರಿನ ಬಣ್ಣದ ಗಾಜಿನ ಕಿಟಕಿಯನ್ನು ಚಿತ್ರಕಲಾವಿದ ಡೇವಿಡ್ ಹಾಕ್ನಿ ರೂಪಿಸಿದ್ದು ಐಪ್ಯಾಡಿನಲ್ಲಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಅಲ್ಲೂ ಕೊನೆಯ ಹೆಜ್ಜೆ ಬೇರೆಯವರದು ಎನ್ನಿ. ಗಾಜಿನ ಕೆಲಸ ಮಾಡಿದ್ದು ಯಾರ್ಕ್‌ನ ಕುಶಲಕರ್ಮಿಗಳು.

6. ಕೀಬೋರ್ಡ್ ಸೇರಿಸಿ ಬೆಲೆ ಕೂಡಿ, ತೂಕವನ್ನೂ ಕೂಡಿ

2024ರಲ್ಲಿ ಎಂ4 ಚಿಪ್ಪಿನ 13 ಇಂಚಿನ ಐಪ್ಯಾಡ್ ಪ್ರೊ ಭಾರತಕ್ಕೆ ಬಂದಾಗ ಆರಂಭಿಕ ಬೆಲೆ 1,29,900 ರೂಪಾಯಿ. ಅದರ ಮ್ಯಾಜಿಕ್ ಕೀಬೋರ್ಡಿಗೆ 33,900, ಪೆನ್ಸಿಲ್ ಪ್ರೊಗೆ 11,900. ಒಟ್ಟು 1,75,700. ಅದೇ ವರ್ಷದ 13 ಇಂಚಿನ ಮ್ಯಾಕ್‌ಬುಕ್ ಏರ್ 1,14,900ಕ್ಕೆ ಸಿಗುತ್ತಿತ್ತು, ಕೀಬೋರ್ಡ್ ಸಮೇತ! ತೂಕದ ಕಥೆಯೂ ಹಾಗೇ. ಟ್ಯಾಬ್ ಮಾತ್ರ 579 ಗ್ರಾಂ; ಕೀಬೋರ್ಡ್ ಸೇರಿದರೆ ಹೆಚ್ಚುಕಡಿಮೆ 1.24 ಕಿಲೋದ ಮ್ಯಾಕ್‌ಬುಕ್ ಏರ್‌ನಷ್ಟೇ. ಹಗುರ ಎಂದು ಕೊಂಡು ಭಾರ ಹೊರುವವರನ್ನು ವಿಮಾನ ನಿಲ್ದಾಣಗಳಲ್ಲಿ ನೋಡಬಹುದು.

ಅಗ್ಗದ ಟ್ಯಾಬ್‌ಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆದರೆ ಒಂದು ಮರೆಯಾದ ಖರ್ಚಿದೆ. 10.1 ಇಂಚಿಗಿಂತ ದೊಡ್ಡ ಪರದೆಯಲ್ಲಿ ವರ್ಡ್, ಎಕ್ಸೆಲ್ ಫೈಲನ್ನು ಮೈಕ್ರೋಸಾಫ್ಟಿನ ಆ್ಯಪ್‌ನಲ್ಲಿ ತಿದ್ದಬೇಕಾದರೆ ಚಂದಾ ಕಟ್ಟಬೇಕು. ಓದುವುದಕ್ಕೆ ದುಡ್ಡಿಲ್ಲ.

7. ಚಾರ್ಜರ್ ತೂತನ್ನು ಕಡೆಗಣಿಸಬೇಡಿ

ಎಲ್ಲ ಯುಎಸ್‌ಬಿ-ಸಿ ಒಂದೇ ಅಲ್ಲ. 2022ರಲ್ಲಿ ಬಂದ ಸಾಮಾನ್ಯ ಐಪ್ಯಾಡಿನ ಪೋರ್ಟ್ ನೋಡಲು ಹೊಸದು, ವೇಗ ಮಾತ್ರ ಯುಎಸ್‌ಬಿ 2ರದು, ಸೆಕೆಂಡಿಗೆ 480 ಮೆಗಾಬಿಟ್; ಪ್ರೊದಲ್ಲಿರುವುದು ಥಂಡರ್‌ಬೋಲ್ಟ್. ಮದುವೆಯ ವಿಡಿಯೊ ಕಾರ್ಡಿನಿಂದ ಇಳಿಸಿಕೊಳ್ಳುವವರಿಗೆ ಇದು ಕಾಫಿ ಕುಡಿದು ಬರುವ ಹೊತ್ತಿಗೂ ಊಟ ಮುಗಿಸಿ ಬರುವ ಹೊತ್ತಿಗೂ ಇರುವ ಅಂತರ. ಅಗ್ಗದ ಎಷ್ಟೋ ಆಂಡ್ರಾಯ್ಡ್ ಟ್ಯಾಬ್‌ಗಳು ಈ ಪೋರ್ಟಿನಿಂದ ಪ್ರೊಜೆಕ್ಟರಿಗೆ ಚಿತ್ರವನ್ನೇ ಕೊಡುವುದಿಲ್ಲ. ಪಾಠ ಮಾಡುವವರು, ಸಭೆಯಲ್ಲಿ ಸ್ಲೈಡ್ ತೋರಿಸುವವರು ಕೇಬಲ್ ಚುಚ್ಚಿ ಪರೀಕ್ಷಿಸಿಯೇ ಹಣ ಕೊಡಿ.

8. ಆನ್‌ಲೈನ್ ಮೀಟಿಂಗ್ ಜಾಸ್ತಿಯಿದ್ದರೆ ಕ್ಯಾಮೆರಾ ಎಲ್ಲಿದೆ ನೋಡಿ

ಹಳೆಯ ಐಪ್ಯಾಡುಗಳನ್ನು ಅಡ್ಡ ನಿಲ್ಲಿಸಿದರೆ ಕ್ಯಾಮೆರಾ ಪಕ್ಕಕ್ಕೆ ಹೋಗುತ್ತದೆ, ನೀವು ಯಾರ ಮುಖವನ್ನೂ ನೋಡದೆ ಮಾತಾಡುವವರಂತೆ ಕಾಣುತ್ತೀರಿ. ಪ್ರೊದಲ್ಲಿ ಇದು ಸರಿಹೋಗಿದ್ದು 2024ರಲ್ಲಿ.

9. ಹಿನ್ನೆಲೆಯಲ್ಲಿ ಕೆಲಸ ಓಡುತ್ತದೆಯೇ ಎಂದು ಪರೀಕ್ಷಿಸಿ

ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ವಿಡಿಯೊ ತಯಾರಾಗುತ್ತಿದ್ದರೆ ಇನ್ನೊಂದು ಕಡೆ ಮೇಲ್ ಬರೆಯುತ್ತೀರಿ. ಟ್ಯಾಬ್‌ನ ಸಂಸ್ಕಾರ ಫೋನಿನದು. ಕಣ್ಣೆದುರಿಲ್ಲದ ಆ್ಯಪನ್ನು ಬ್ಯಾಟರಿ ಉಳಿಸಲೆಂದು ಮಲಗಿಸಿಬಿಡುತ್ತದೆ. ಐಪ್ಯಾಡಿನಲ್ಲಿ ಫೈಲುಗಳನ್ನು ನೋಡುವ ಆ್ಯಪ್ ಬಂದಿದ್ದೇ 2017ರಲ್ಲಿ, ಟ್ರ್ಯಾಕ್‌ಪ್ಯಾಡಿನ ಬಾಣಕ್ಕೆ ಸರಿಯಾದ ಬೆಂಬಲ ಸಿಕ್ಕಿದ್ದು 2020ರ ಮಾರ್ಚಿನಲ್ಲಿ. 2025ರ ಐಪ್ಯಾಡ್‌ಒಎಸ್ 26ರಲ್ಲಿ ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ಕಿಟಕಿಗಳು, ಮೇಲ್ಭಾಗದ ಮೆನು ಪಟ್ಟಿ, ಹಿನ್ನೆಲೆಯಲ್ಲಿ ದೀರ್ಘ ಕೆಲಸ ಮುಗಿಸುವ ಸೌಲಭ್ಯ ಬಂದವು. ಅಂದರೆ ಟ್ಯಾಬ್ ಪ್ರತಿ ವರ್ಷ ಲ್ಯಾಪ್‌ಟಾಪಿನ ಹಳೆಯ ಗುಣಗಳನ್ನೇ ಒಂದೊಂದಾಗಿ ಕಲಿಯುತ್ತಿದೆ. ಮೂರು ವರ್ಷದ ಹಿಂದೆ ಟ್ಯಾಬ್ ಬೇಡವೆಂದು ತೀರ್ಮಾನಿಸಿದವರು ಇನ್ನೊಮ್ಮೆ ನೋಡಬಹುದು. ಸ್ಯಾಮ್‌ಸಂಗ್‌ನ ದೊಡ್ಡ ಟ್ಯಾಬ್‌ಗಳಲ್ಲಿ ಡೆಕ್ಸ್ ಎಂಬ ವ್ಯವಸ್ಥೆ 2018ರಿಂದಲೇ ಕಿಟಕಿಗಳನ್ನು ಕೊಡುತ್ತಿದೆ.

10. ಮನೆಯ ಕಂಪ್ಯೂಟರನ್ನು ಮಾರಬೇಡಿ, ಮೂಲೆಯಲ್ಲಿಡಿ

ಓಡಾಟದ ಉದ್ಯೋಗದವರಿಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಹಳೆಯ ಡೆಸ್ಕ್‌ಟಾಪನ್ನು ಯುಪಿಎಸ್ ಸಮೇತ ಚಾಲೂ ಇಟ್ಟು, ಹೊರಗಿನಿಂದ ಟ್ಯಾಬ್ ಮೂಲಕ ಅದರೊಳಗೆ ಹೊಕ್ಕು ಟ್ಯಾಲಿಯನ್ನೋ ಮ್ಯಾಕ್ರೋ ಶೀಟನ್ನೋ ಓಡಿಸುವುದು. ಎರಡು ತಾಂತ್ರಿಕ ಮಾತು ನೆನಪಿರಲಿ. ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪ್ ಒಳಬಿಟ್ಟುಕೊಳ್ಳಲು ಆ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಯಲ್ಲಿ ಆ ಸೌಲಭ್ಯ ಇಲ್ಲ. ಹೋಮ್ ಇದ್ದವರು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಎನಿಡೆಸ್ಕ್ ಬಳಸಬಹುದು. ಎರಡನೆಯದು, ಮೈಕ್ರೋಸಾಫ್ಟಿನ ದಾರಿಯಲ್ಲಿ ಹೋದರೆ ಅಲ್ಲಿ ಚುಚ್ಚಿಟ್ಟ ಸಹಿ ಟೋಕನ್ ಕಾಣಿಸದೇ ಹೋಗಬಹುದು. ಪರದೆಯನ್ನೇ ಹಂಚುವ ಆ್ಯಪ್‌ಗಳಲ್ಲಿ ಈ ತಕರಾರು ಕಡಿಮೆ. ಹಾಗೆಂದು ಕಕ್ಷಿದಾರರ ಟೋಕನ್‌ಗಳನ್ನು ಹಗಲೂ ರಾತ್ರಿ ಚುಚ್ಚಿಟ್ಟು ಊರಿಗೆ ಹೋಗಬೇಡಿ. ಸಹಿ ನಿಮ್ಮದಲ್ಲ.

ಟ್ಯಾಬ್ ರೂಪದಲ್ಲೇ ಪೂರಾ ವಿಂಡೋಸ್ ಬೇಕೆನ್ನುವವರಿಗೆ ಸರ್ಫೇಸ್ ಇದೆ. ಆದರೆ 2024ರಿಂದ ಬಂದ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಮಾದರಿಗಳಲ್ಲಿ ಹಳೆಯ ತಂತ್ರಾಂಶ ಓಡಿದರೂ ಹಳೆಯ ಡ್ರೈವರ್ ಓಡುವುದಿಲ್ಲ. ನಿಮ್ಮ ಟೋಕನ್, ಹಳೆಯ ಪ್ರಿಂಟರ್, ಸ್ಕ್ಯಾನರುಗಳಿಗೆ ಆ ಚಿಪ್ಪಿನ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ಹುಡುಕಿದ ಮೇಲೆ ಹಣ ಎಣಿಸಿ.

11. ಲ್ಯಾಪ್‌ಟಾಪನ್ನು ಎರಡು ವಾರ ಬೀರುವಿನಲ್ಲಿಡಿ

ಮನೆಯಲ್ಲಿ ಮಕ್ಕಳದೋ ಸ್ನೇಹಿತರದೋ ಟ್ಯಾಬ್ ಇದ್ದರೆ ಎರವಲು ತನ್ನಿ. ಆಡಿಟರುಗಳು ಜುಲೈ ಕೊನೆಯಲ್ಲಿ, ಮೇಷ್ಟ್ರುಗಳು ಪರೀಕ್ಷೆಯ ಹೊತ್ತಿನಲ್ಲಿ ಈ ಸಾಹಸ ಮಾಡಬೇಡಿ. ಬೀರು ತೆಗೆದಾಗೆಲ್ಲ ಕಾರಣವನ್ನು ಮೊದಲ ಸೂತ್ರದ ಹಾಳೆಯಲ್ಲೇ ಬರೆಯಿರಿ. ಪ್ರತಿ ಸಲವೂ ಒಂದೇ ಕಾರಣವಿದ್ದರೆ, ಅದೊಂದು ಕೆಲಸವನ್ನು ಮನೆಯ ಹಳೆಯ ಕಂಪ್ಯೂಟರಿಗೋ ಬೀದಿಯ ಸೈಬರ್ ಸೆಂಟರಿಗೋ ಒಪ್ಪಿಸಿ ಟ್ಯಾಬ್ ಕೊಳ್ಳಿ. ದಿನಕ್ಕೊಂದು ಹೊಸ ಕಾರಣ ಹುಟ್ಟುತ್ತಿದ್ದರೆ, ಆ ದುಡ್ಡಿಗೆ ಒಳ್ಳೆಯ ಲ್ಯಾಪ್‌ಟಾಪನ್ನೇ ಕೊಂಡು, ಉಳಿದುದರಲ್ಲಿ ಪಿಡಿಎಫ್ ಓದಲು ಒಂದು ಅಗ್ಗದ ಟ್ಯಾಬ್ ತನ್ನಿ.