ದೀರ್ಘದೂರದ ಬೈಸಿಕಲ್ ಸವಾರಿಗೆ ಸಿದ್ಧತೆ

ನಮ್ಮ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ‘ಬ್ರೆವೆ’ ಎಂಬ ದೀರ್ಘದೂರದ ಬೈಸಿಕಲ್ ಸವಾರಿಗಳಲ್ಲಿ ಸೇರಬೇಕೆಂದು ಅಪೇಕ್ಷಿಸುತ್ತಿದ್ದಾರೆ. ಅವರ ತಾಯಿತಂದೆಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಹೆಣ್ಣುಮಗಳನ್ನು ಹಗಲಿರುಳು ಹೆದ್ದಾರಿಯಲ್ಲಿ ಬಿಡಬಹುದೇ? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ತರವಲ್ಲ. ಸವಾರಿಯ ಕಟ್ಟಳೆಗಳೇನು, ಸಿದ್ಧತೆ ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು.

ಬ್ರೆವೆಯು ಪಂದ್ಯವಲ್ಲ. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುವ ಓಟದಲ್ಲಿ ಬಿರುದು ಒಬ್ಬನಿಗೆ ಮಾತ್ರ. ಇಲ್ಲಿಯಾದರೋ ಕಾಲದೊಳಗೆ ಮುಗಿಸಿದವರೆಲ್ಲರೂ ಸಮಾನರು, ಮೊದಲನೆಯವರು ಕಡೆಯವರು ಎಂಬ ಪಟ್ಟಿಯೇ ಇಲ್ಲ. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಆಡಾಕ್ಸ್ ಸಂಘದವರ ನಿಯಮಗಳೇ ನಮ್ಮ ದೇಶದ ಬ್ರೆವೆಗಳಿಗೂ ಅನ್ವಯಿಸುತ್ತವೆ. 200 ಕಿಲೋಮೀಟರಿಗೆ 13½ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರಿಗೆ ‘ಸೂಪರ್ ರ‍್ಯಾಂಡನರ್’ ಎಂಬ ಹೆಸರು. 1891ರಲ್ಲಿ ಮೊದಲಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿಲೋಮೀಟರಿನ ಸವಾರಿಗೆ ಹೋಗಬೇಕಾದವರು ಈ ನಾಲ್ಕು ಮೆಟ್ಟಿಲುಗಳನ್ನೂ ಹತ್ತಿರಬೇಕು. ಅದರಲ್ಲಿ 1931ರಷ್ಟು ಹಿಂದೆಯೇ ಸ್ತ್ರೀಯರು ಸವಾರಿ ಮಾಡಿದ್ದರೆಂಬುದನ್ನು ಅಳುಕುವ ತಾಯಂದಿರು ಗಮನಿಸಲಿ.

ಲೆಕ್ಕಕ್ಕೆ ನಮ್ಮ ಆವನಿಯನ್ನೇ ತೆಗೆದುಕೊಳ್ಳೋಣ. ರಾಮಲಿಂಗೇಶ್ವರನ ಗುಡಿಗಳಿಗೂ, ಸೀತಾದೇವಿಯ ಬೆಟ್ಟಕ್ಕೂ ಹೆಸರಾದ ಈ ಊರು ಬೆಂಗಳೂರಿನಿಂದ ಕೋಲಾರದ ಮೇಲೆ ಹೆಚ್ಚುಕಡಿಮೆ 100 ಕಿಲೋಮೀಟರು. ಹೋಗಿ ಬಂದರೆ ಒಂದು 200ರ ಬ್ರೆವೆಯಷ್ಟು ದೂರ. ಬೆಳಿಗ್ಗೆ 6 ಗಂಟೆಗೆ ಹೊರಟವಳು ರಾತ್ರಿ 7½ರೊಳಗೆ ಮರಳಬೇಕು. ದಾರಿಯಲ್ಲಿ ‘ಕಂಟ್ರೋಲ್’ ಎಂಬ ಠಾಣೆಗಳುಂಟು; ಅಲ್ಲಿ ಕಾರ್ಡಿಗೆ ಮುದ್ರೆ ಬೀಳಬೇಕು, ಇಲ್ಲವೇ ಸಮಯ ನಮೂದಾದ ಅಂಗಡಿಯ ರಸೀದಿಯನ್ನು ತರಬೇಕು. ನೂರನೆಯ ಕಿಲೋಮೀಟರಿನ ಠಾಣೆ 12 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ಗಂಟೆಗೆ 20 ಕಿಲೋಮೀಟರಿನಂತೆ ತುಳಿದರೆ ದಾರಿಗೆ 10 ಗಂಟೆ ಸಂದು, ಊಟ, ವಿಶ್ರಾಂತಿ, ಪಂಚರುಗಳಿಗೆ 3½ ಗಂಟೆ ಉಳಿಯುತ್ತದೆ. 18ಕ್ಕೆ ಇಳಿದರೆ ಉಳಿಯುವುದು 2 ಗಂಟೆ 23 ನಿಮಿಷ ಮಾತ್ರ. ಆದುದರಿಂದ ಕಾಲವು ಕಳೆದುಹೋಗುವುದು ತುಳಿಯುವಾಗಲ್ಲ, ಕಾಫಿಯ ಅಂಗಡಿಯ ಮುಂದೆ ಮಾತನಾಡುತ್ತ ನಿಂತಾಗ. ಇನ್ನೊಂದು ಸಂಗತಿ. ಬೆಂಗಳೂರು ಕೋಲಾರಕ್ಕಿಂತ ಎತ್ತರದಲ್ಲಿದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯೂ ಪಡುವಲಿನಿಂದ ಬೀಸುತ್ತದೆ. ಹೋಗುವಾಗ ಹಗುರವೆನಿಸಿದ ದಾರಿ, ಬರುವಾಗ ದಣಿದ ಕಾಲಿಗೆ ಏರೂ ಎದುರುಗಾಳಿಯೂ ಆಗುತ್ತದೆ. ಇದನ್ನು ಅರಿಯದವಳು ಮಧ್ಯಾಹ್ನಕ್ಕೇ ತನ್ನ ಬಲವನ್ನೆಲ್ಲ ವೆಚ್ಚ ಮಾಡಿರುತ್ತಾಳೆ.

ಅಭ್ಯಾಸವು ಮೆಲ್ಲಮೆಲ್ಲನೆ ಏರಬೇಕು. ರಜೆಗೆ ಊರಿಗೆ ಬಂದವಳು ಮೊದಲು ಮುಳಬಾಗಿಲಿನಿಂದ ಆವನಿಗೆ ಹೋಗಿ ಬರಲಿ; ಸುಮಾರು 26 ಕಿಲೋಮೀಟರು. ಅದು ಆಯಾಸವೆನಿಸದಿದ್ದಾಗ ಕೋಲಾರದಿಂದ ಆವನಿಗೆ, ಹೋಗಿ ಬರಲು 64. ಮೂರು ನಾಲ್ಕು ತಿಂಗಳು ವಾರಕ್ಕೆ ಮೂರು ದಿನ ಚಿಕ್ಕ ಸವಾರಿ, ಒಂದು ದಿನ ದೀರ್ಘ ಸವಾರಿ ಮಾಡಿ, 120ರಿಂದ 150ರ ವರೆಗೆ ಏರಿದವಳು 200ಕ್ಕೆ ಅರ್ಹಳು. ಇವು ಸಾಮಾನ್ಯವಾಗಿ ಶನಿವಾರ ಭಾನುವಾರಗಳಲ್ಲಿ ನಡೆಯುತ್ತವೆ. ಶನಿವಾರದ್ದನ್ನು ಆರಿಸಿಕೊಂಡರೆ ಆರಾಧನೆ ತಪ್ಪದು. ಇದು ನಮ್ಮ ಅಭಿಪ್ರಾಯ ಮಾತ್ರ.

ದುಬಾರಿಯ ಬೈಸಿಕಲ್ಲೇ ಬೇಕೆಂಬುದು ತಪ್ಪು ತಿಳಿವಳಿಕೆ. ಸೀಟು ಮೈಗೆ ಹೊಂದಬೇಕು, ಬ್ರೇಕು ಹಿಡಿಯಬೇಕು, ಟೈರು ಸವೆದಿರಬಾರದು. ಆದರೆ ಚಕ್ರವನ್ನು ಕಳಚಿ ಟ್ಯೂಬು ಬದಲಿಸುವುದನ್ನು ಆಕೆ ಸ್ವತಃ ಕಲಿತಿರಲೇಬೇಕು. ಮನೆಯ ಅಂಗಳದಲ್ಲಿ ಹತ್ತು ಸಲ ಮಾಡಿದವಳಿಗೆ ಮಾತ್ರ ಕತ್ತಲೆಯಲ್ಲಿ ಕೈ ನಡೆಯುತ್ತದೆ. ಮುಂದೆ ಬಿಳಿಯ, ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಮೇಲಂಗಿ, ತಲೆಗೆ ಹೆಲ್ಮೆಟ್ ಬೇಕು. ಮುದ್ದೆಯನ್ನು ಹಿಂದಿನ ರಾತ್ರಿ ಉಣ್ಣಲಿ. ದಾರಿಯಲ್ಲಿ ಬಾಳೆಹಣ್ಣು, ಇಡ್ಲಿ, ಕಡಲೆ ಬೆಲ್ಲ, ಉಪ್ಪು ಬೆರೆಸಿದ ನಿಂಬೆಯ ಪಾನಕ ಸಾಕು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಶೌಚಾಲಯವಿರುವ ಪೆಟ್ರೋಲ್ ಬಂಕುಗಳನ್ನು ಮುಂಚಿತವಾಗಿ ಗುರುತಿಸಿಕೊಳ್ಳಬೇಕು. ಅದಕ್ಕೆ ಅಂಜಿ ನೀರು ಕುಡಿಯದೆ ಹೋಗುವ ಹುಡುಗಿಯರುಂಟು. ಅವರು ಬಿಸಿಲಿನಲ್ಲಿ ತಲೆಸುತ್ತಿ ಬೀಳುತ್ತಾರೆ. ತಿಂಗಳ ದಿನಗಳು ಅಡ್ಡಿಯಲ್ಲ, ಬೇಕಾದ ಬಟ್ಟೆಬರೆ ಚೀಲದಲ್ಲಿರಲಿ.

ಈಗ ತಾಯಿತಂದೆಗಳ ಪ್ರಶ್ನೆ. ಅಪಾಯವಿಲ್ಲವೆಂದು ನಾವು ಹೇಳಲಾರೆವು. 2018ರಲ್ಲಿ 159 ದಿನಗಳಲ್ಲಿ ಸುಮಾರು 29,000 ಕಿಲೋಮೀಟರು ತುಳಿದು ಲೋಕವನ್ನು ಸುತ್ತಿದ ವೇದಾಂಗಿ ಕುಲಕರ್ಣಿ ಎಂಬ ಭಾರತೀಯ ಯುವತಿಯನ್ನು ಸ್ಪೇನಿನಲ್ಲಿ ಕಳ್ಳರು ಚೂರಿ ತೋರಿಸಿ ದೋಚಿದರು. ಆಕೆ ಸವಾರಿಯನ್ನು ಮುಗಿಸಿದಳೆಂಬುದೂ ಅಷ್ಟೇ ನಿಜ. ಮಗಳ ಹಿಂದೆ ಕಾರಿನಲ್ಲಿ ಬರುತ್ತೇವೆಂದು ಕೆಲವು ತಂದೆಯರು ಹೇಳುತ್ತಾರೆ. ಅದಕ್ಕೆ ನಿಯಮವು ಒಪ್ಪುವುದಿಲ್ಲ. ಠಾಣೆಗಳಲ್ಲಿ ಮಾತ್ರ ಸಹಾಯ ಮಾಡಬಹುದು, ನಡುದಾರಿಯಲ್ಲಿ ಮಾಡಿದರೆ ಸವಾರಿಯೇ ವ್ಯರ್ಥವಾಗುತ್ತದೆ. ಆದ್ದರಿಂದ ನಮ್ಮ ಸಲಹೆ ಹೀಗಿದೆ: ಹದಿನೆಂಟು ತುಂಬಿ, ಮೇಲಿನ ಅಭ್ಯಾಸವನ್ನು ಮಾಡಿದವಳಿಗೆ 200ಕ್ಕೆ ಅಪ್ಪಣೆ ಕೊಡಿರಿ. ರಾತ್ರಿಯೆಲ್ಲ ನಡೆಯುವ 400ಕ್ಕೆ, 300ನ್ನು ಚೆನ್ನಾಗಿ ಮುಗಿಸಿದ ಮೇಲೆ, ಅದೂ ಒಬ್ಬಿಬ್ಬರು ಸಂಗಾತಿಗಳು ಕೂಡಿ ತುಳಿಯುವುದಾದರೆ ಮಾತ್ರ ಒಪ್ಪಿರಿ. ಹೊರಡುವ ಮುನ್ನ ಆಕೆಯಿಂದ ಒಂದು ಮಾತು ತೆಗೆದುಕೊಳ್ಳಿರಿ: ಕಣ್ಣು ಎಳೆದರೆ ಕೂಡಲೇ ಇಳಿದು, ಬೆಳಕಿರುವ, ಜನರಿರುವ ಸ್ಥಳದಲ್ಲಿ ಮಲಗಬೇಕು, ಸಾಧ್ಯವಾಗದಿದ್ದರೆ ವ್ಯವಸ್ಥಾಪಕರಿಗೆ ತಿಳಿಸಿ ಸವಾರಿಯನ್ನು ಬಿಡಬೇಕು. ಬಿಟ್ಟು ಬಂದ ಮಗಳನ್ನು ಮನೆಯಲ್ಲಿ ಯಾರೂ ಹಾಸ್ಯ ಮಾಡಕೂಡದು. ಹಾಸ್ಯಕ್ಕೆ ಅಂಜಿದವಳು ಮುಂದಿನ ಸಲ ತೂಕಡಿಸುತ್ತಲೇ ತುಳಿಯುವಳು. ಗಂಟೆಗೊಮ್ಮೆ ದೂರವಾಣಿ ಮಾಡಬೇಡಿರಿ, ಪ್ರತಿ ಠಾಣೆಯಿಂದ ಆಕೆಯೇ ತಿಳಿಸಲಿ. ಮುಗಿಯುವ ಸ್ಥಳಕ್ಕೆ ಒಣಗಿದ ಬಟ್ಟೆಯನ್ನೂ ಬಿಸಿ ಅನ್ನಸಾರನ್ನೂ ತೆಗೆದುಕೊಂಡು ಹೋಗಿರಿ. ಅಲ್ಲಿಂದ ಮನೆಗೆ ಆಕೆಯ ಕೈಯಲ್ಲಿ ಸ್ಕೂಟರು ಕೊಡದೆ, ನೀವೇ ಕರೆತನ್ನಿರಿ.