ದುಡ್ಡು ಕಮ್ಮಿಯಾದಷ್ಟೂ ಸಿನಿಮಾ ಚೆನ್ನಾಗುತ್ತದೆಯೇ?

ಪ್ರಶ್ನೆ: ನೂರಾರು ಕೋಟಿ ಸುರಿದ ಸಿನಿಮಾ ನೋಡಿ ಬಂದರೆ ಮಾರನೇ ದಿನಕ್ಕೆ ಕಥೆಯೇ ನೆನಪಿರುವುದಿಲ್ಲ. ‘ತಿಥಿ’ ನೋಡಿ ವರ್ಷಗಳೇ ಆದವು, ಗಡ್ಡಪ್ಪ ಇನ್ನೂ ತಲೆಯೊಳಗೆ ಓಡಾಡುತ್ತಿದ್ದಾನೆ. ಕಡಿಮೆ ಖರ್ಚಿನ ಸಿನಿಮಾಗಳಲ್ಲಿ ಅಂಥದ್ದೇನಿದೆ? ಅಥವಾ ಇದು ಬರೀ ನಮ್ಮಂಥವರ ಹಮ್ಮೋ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಒಂದು ತಕರಾರು. ನಿಮ್ಮ ಹೋಲಿಕೆ ಸಮನಾದದ್ದಲ್ಲ. ದೊಡ್ಡ ಸಿನಿಮಾ ಚೆನ್ನಾಗಿರಲಿ ಬಿಡಲಿ, ಟ್ರೇಲರ್, ಕಟೌಟ್, ಟೀವಿ ಸಂದರ್ಶನಗಳ ಮೆರವಣಿಗೆಯಲ್ಲಿ ನಿಮ್ಮ ಮನೆಬಾಗಿಲಿಗೇ ಬರುತ್ತದೆ. ಸಣ್ಣ ಸಿನಿಮಾ ನಿಮ್ಮನ್ನು ತಲುಪುವ ಹೊತ್ತಿಗೆ ಹಲವು ಜರಡಿ ದಾಟಿರುತ್ತದೆ. ‘ತಿಥಿ’ ಮಂಡ್ಯದಿಂದ ನೇರ ಹಾಸನಕ್ಕೆ ಬರಲಿಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದು, ರಾಷ್ಟ್ರಪ್ರಶಸ್ತಿಯನ್ನೂ ಪಡೆದು, ಆಮೇಲೆ 2016ರಲ್ಲಿ ನಮ್ಮ ಥಿಯೇಟರಿಗೆ ಬಂತು. ಆ ಜರಡಿಯಲ್ಲಿ ಉದುರಿಹೋದ ಸಣ್ಣ ಸಿನಿಮಾಗಳನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅವುಗಳಲ್ಲಿ ಸಬ್ಸಿಡಿಯ ಮೇಲೆ ಕಣ್ಣಿಟ್ಟು ಸುತ್ತಿದವೂ ಇರುತ್ತವೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ ನೀರಸವಾಗಿರುವವೂ ಇರುತ್ತವೆ. ಹಾಗಾಗಿ ದುಡ್ಡು ಕಮ್ಮಿಯಾದಷ್ಟೂ ಸಿನಿಮಾ ಚೆನ್ನಾಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ.

ಆದರೂ ನಿಮ್ಮ ಅನುಭವ ಸುಳ್ಳಲ್ಲ. ಸಿನಿಮಾದ ಬಜೆಟ್ ತೀರ್ಮಾನಿಸುವುದು ಬರೀ ಸೆಟ್ಟಿನ ಎತ್ತರವನ್ನಲ್ಲ, ಆ ಸಿನಿಮಾ ಎಷ್ಟು ಜನರನ್ನು ಒಪ್ಪಿಸಬೇಕು ಎಂಬುದನ್ನೂ. ನೂರು ಕೋಟಿ ಹೂಡಿದ ನಿರ್ಮಾಪಕ ಐದು ಭಾಷೆಗಳ ಪ್ರೇಕ್ಷಕರು, ಟೀವಿ ಚಾನೆಲ್ಲು, ಓಟಿಟಿ ಕಂಪನಿ, ವಿತರಕರು, ಹೀರೋನ ಅಭಿಮಾನಿ ಸಂಘ, ಇಷ್ಟೂ ಮಂದಿಗೆ ಬೇಕಾದದ್ದನ್ನು ಒಂದೇ ಕಥೆಯಲ್ಲಿ ತುರುಕಬೇಕು. ಯಾರಿಗೂ ಬೇಸರವಾಗಬಾರದು ಎಂದು ಬರೆದ ದೃಶ್ಯ ಯಾರಿಗೂ ಆಳವಾಗಿ ತಟ್ಟುವುದೂ ಕಷ್ಟ. ಅಲ್ಲಿ ಪ್ರತಿಭೆಗೇನೂ ಬರಗಾಲವಿಲ್ಲ, ಕೈಕಟ್ಟಿ ಹಾಕಿರುವುದು ನಷ್ಟದ ಭಯ.

‘ತಿಥಿ’ಗೆ ಆ ಭಯ ಇರಲಿಲ್ಲ. ನಿರ್ದೇಶಕ ರಾಮ್ ರೆಡ್ಡಿ ಮತ್ತು ಬರಹಗಾರ ಈರೇಗೌಡ ಅದನ್ನು ಕಟ್ಟಿದ್ದು ಈರೇಗೌಡರ ಊರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ, ಅಲ್ಲಿಯ ಜನರನ್ನೇ ಪಾತ್ರಗಳನ್ನಾಗಿ ಮಾಡಿಕೊಂಡು. ಅವರಾಡುವ ಮಂಡ್ಯದ ಮಾತು ಮುಂಬೈಗೆ ಅರ್ಥವಾದೀತೇ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಗಡ್ಡಪ್ಪನನ್ನೇ ನೋಡಿ. ದೊಡ್ಡ ಸಿನಿಮಾದ ಸ್ಕ್ರಿಪ್ಟ್ ಚರ್ಚೆಯಲ್ಲಿ ‘ಈ ಪಾತ್ರಕ್ಕೆ ಏನು ಬೇಕು?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಗಡ್ಡಪ್ಪನಿಗೆ ಏನೂ ಬೇಡ. ಅಪ್ಪ ಸೆಂಚುರಿಗೌಡ ಸತ್ತ ಸುದ್ದಿಯೂ ಅವನ ನಡಿಗೆಯ ವೇಗವನ್ನು ಬದಲಿಸುವುದಿಲ್ಲ. ಮಗ ತಮ್ಮಣ್ಣನಿಗೆ ಮಾತ್ರ ಜಮೀನು ಬೇಕು. ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ. ಏನೂ ಬೇಡದವನು ಒಬ್ಬ, ಎಲ್ಲ ಬೇಕಾದವನು ಇನ್ನೊಬ್ಬ. ನಗುವೆಲ್ಲ ಹುಟ್ಟುವುದು ಇವರಿಬ್ಬರ ನಡುವೆ. ಮುಂದೆ ಕುರಿಗಾಹಿಗಳ ಜತೆ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುತ್ತಾನಲ್ಲ, ಆ ದೃಶ್ಯ ನೆನಪಿಸಿಕೊಳ್ಳಿ. ದುಡ್ಡಿದ್ದವರು ಅಲ್ಲಿ ಫ್ಲ್ಯಾಶ್‌ಬ್ಯಾಕ್ ಇಡದೆ ಬಿಡುತ್ತಿರಲಿಲ್ಲ. ಇಲ್ಲಿ ಮುದುಕ ಸುಮ್ಮನೆ ಹೇಳುತ್ತಾನೆ, ನಾವು ಕೇಳುತ್ತೇವೆ. ಅವನ ಅಲೆಮಾರಿತನಕ್ಕೆ ಕಾರಣ ಆಗ ಹೊಳೆಯುತ್ತದೆ.

ಅಭಾವಕ್ಕೆ ಇನ್ನೊಂದು ಗುಣವಿದೆ. ಅದು ಸುಲಭದ ದಾರಿಗಳನ್ನು ಮುಚ್ಚಿಬಿಡುತ್ತದೆ. ಕ್ರಿಸ್ಟೋಫರ್ ನೋಲನ್ 1998ರ ‘ಫಾಲೋಯಿಂಗ್’ ಚಿತ್ರವನ್ನು ಕೆಲವೇ ಸಾವಿರ ಡಾಲರ್‌ಗಳಲ್ಲಿ ಮುಗಿಸಿದರು. ಕೆಲಸಕ್ಕೆ ಹೋಗುವ ಗೆಳೆಯರೇ ನಟರು, ಹಾಗಾಗಿ ಶೂಟಿಂಗ್ ಶನಿವಾರಗಳಲ್ಲಿ, ಸುಮಾರು ಒಂದು ವರ್ಷ. ಫಿಲ್ಮ್ ರೀಲು ದುಬಾರಿ, ಆದ್ದರಿಂದ ನಾಟಕದಂತೆ ತಾಲೀಮು ನಡೆಸಿ ಒಂದೆರಡು ಟೇಕಿನಲ್ಲೇ ದೃಶ್ಯ ಮುಗಿಸಬೇಕು. 2015ರಲ್ಲಿ ಶಾನ್ ಬೇಕರ್ ‘ಟ್ಯಾಂಜರಿನ್’ ಚಿತ್ರವನ್ನು ಐಫೋನಿನಲ್ಲಿ ತೆಗೆದರು. ದೊಡ್ಡ ಕ್ಯಾಮೆರಾ ಕಂಡರೆ ಗುಂಪುಗೂಡುವ ಲಾಸ್ ಏಂಜಲೀಸಿನ ಬೀದಿಯಲ್ಲಿ ಫೋನನ್ನು ಯಾರು ಲೆಕ್ಕಕ್ಕಿಡುತ್ತಾರೆ? ಚಿತ್ರದಲ್ಲಿ ಕಾಣುವ ಬೀದಿಯ ಗಡಿಬಿಡಿಗೆ ಅದೂ ಒಂದು ಕಾರಣ. ಇಟಲಿಯ ಡಿ ಸಿಕಾ ‘ಬೈಸಿಕಲ್ ಥೀವ್ಸ್’ (1948) ಮಾಡುವಾಗ ಹಾಲಿವುಡ್ ನಿರ್ಮಾಪಕ ಸೆಲ್ಜ್ನಿಕ್ ದುಡ್ಡು ಕೊಡಲು ಮುಂದೆ ಬಂದಿದ್ದರು, ಆದರೆ ನಾಯಕ ಹಾಲಿವುಡ್ ತಾರೆ ಕ್ಯಾರಿ ಗ್ರಾಂಟ್ ಆಗಬೇಕೆಂಬ ಷರತ್ತಿನ ಮೇಲೆ. ಡಿ ಸಿಕಾ ಒಪ್ಪದೆ ಒಬ್ಬ ಕಾರ್ಖಾನೆ ಕಾರ್ಮಿಕನನ್ನು ನಾಯಕನನ್ನಾಗಿ ಮಾಡಿದರು. ಸೈಕಲ್ ಕಳೆದುಕೊಂಡ ಕ್ಯಾರಿ ಗ್ರಾಂಟ್ ಹೊಸದೊಂದು ಕೊಂಡುಕೊಳ್ಳಲಾರ ಎಂದರೆ ಯಾರು ನಂಬುತ್ತಿದ್ದರು?

ಕನ್ನಡಕ್ಕೆ ಇದು ಹೊಸ ಪಾಠವಲ್ಲ. 1970ರ ‘ಸಂಸ್ಕಾರ’ ಸುಮಾರು ಒಂದು ಲಕ್ಷ ರೂಪಾಯಿಯ ಸಿನಿಮಾ. ಅಗ್ರಹಾರದ ನಡುವೆ ಕೊಳೆಯುತ್ತಿರುವ ನಾರಣಪ್ಪನ ಹೆಣ, ಅದನ್ನು ಸುಡುವವರು ಯಾರು ಎಂಬ ಜಿಜ್ಞಾಸೆ. ಈ ಕಥೆಗೆ ಆಗಿನ ಯಾವ ಸ್ಟುಡಿಯೋ ಹಣ ಹಾಕುತ್ತಿತ್ತು? ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಸೀಮೆಗೆ ಹೋದರು. ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು, ಗಿರೀಶ ಕಾರ್ನಾಡ್ ಪ್ರಾಣೇಶಾಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು. ಸೆನ್ಸಾರ್ ಮಂಡಳಿ ಮೊದಲು ತಡೆದ ಚಿತ್ರವೇ ಕೊನೆಗೆ ಸ್ವರ್ಣಕಮಲ ಗೆದ್ದಿತು.

ಹಾಗೆಂದು ಸ್ವತಂತ್ರ ಸಿನಿಮಾ ಎಂದರೆ ನಿಧಾನಗತಿಯ, ಹಾಡಿಲ್ಲದ ಸಿನಿಮಾ ಎಂದು ತಿಳಿಯಬೇಡಿ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಹಾಡು, ಪ್ರೇಮ, ಸಸ್ಪೆನ್ಸ್ ಎಲ್ಲ ಇರುವ ಚಿತ್ರ. ಅದಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರು ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. ಇಡೀ ನಷ್ಟ ಒಬ್ಬನ ತಲೆಯ ಮೇಲೆ ಬೀಳುವುದಿಲ್ಲ ಎಂದಾದಾಗ ಕಥೆಗೆ ಧೈರ್ಯ ಬರುತ್ತದೆ. ತೇಜಸ್ವಿಯವರ ಕಥೆಯನ್ನು ಅವರ ಅಭಿಮಾನಿಗಳೇ ಹಣ ಕೂಡಿಸಿ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಮಾಡಿದ್ದೂ ಇದೇ ದಾರಿಯಲ್ಲಿ. ದೊಡ್ಡವರು, ಸಣ್ಣವರು ಎಂಬ ಗೆರೆಯೂ ಅಷ್ಟು ನೇರವಾಗಿಲ್ಲ. ‘ಕಾಂತಾರ’ ಮಾಡಿದ ರಿಷಬ್ ಶೆಟ್ಟಿಯವರೇ ನಟೇಶ್ ಹೆಗಡೆಯವರ ‘ಪೆಡ್ರೊ’ಗೆ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ನಿಗೆ ನಿರ್ಮಾಪಕರು.

ಬಡತನವನ್ನು ಹೊಗಳುತ್ತ ಹೋಗುವುದೂ ತಪ್ಪು. ಸಣ್ಣ ಸಿನಿಮಾ ಅಗ್ಗವಾಗಿರುವುದು ಎಷ್ಟೋ ಸಲ ಅದರಲ್ಲಿ ದುಡಿದವರಿಗೆ ಸಂಬಳ ಸರಿಯಾಗಿ ಸಿಗದಿರುವುದರಿಂದ. ಗೆಳೆತನದ ಹೆಸರಲ್ಲಿ ಒಂದು ಸಿನಿಮಾ ಆಗುತ್ತದೆ, ಎರಡನೆಯದು ಆಗುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಸಣ್ಣ ಸಿನಿಮಾಕ್ಕೆ ಸಿಗುವುದು ಯಾರೂ ಬರಲಾಗದ ಬೆಳಗಿನ ಆಟ. ‘ಜನ ಬರಲಿಲ್ಲ’ ಎಂದು ಮುಂದಿನ ಶುಕ್ರವಾರ ಬರುವಷ್ಟರಲ್ಲಿ ಎತ್ತಂಗಡಿ.

ಇನ್ನು ಹಮ್ಮಿನ ವಿಷಯ. ಸಿನಿಮಾ ನೋಡುವ ಮೊದಲೇ ಬಜೆಟ್ ಕೇಳಿ ಗೌರವ ಕೊಟ್ಟರೆ ಅದು ಹಮ್ಮು. ಇನ್ನೂರು ಕೋಟಿ ಎಂದೊಡನೆ ಬೆರಗಾಗುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಪರೀಕ್ಷಿಸಲು ಸರಳ ಪ್ರಶ್ನೆಯೊಂದಿದೆ: ಈ ಸಿನಿಮಾಕ್ಕೆ ಇನ್ನೂ ಹತ್ತು ಕೋಟಿ ಕೊಟ್ಟಿದ್ದರೆ ಏನಾಗುತ್ತಿತ್ತು? ‘ಚೆನ್ನಾಗಿರುತ್ತಿತ್ತು’ ಎನಿಸಿದರೆ ನೀವು ನೋಡಿದ್ದು ದುಡ್ಡು ಸಾಲದ ಸಿನಿಮಾ. ‘ಕೆಟ್ಟುಹೋಗುತ್ತಿತ್ತು’ ಎನಿಸಿದರೆ ಆ ಚಿತ್ರ ತನ್ನ ಅಳತೆಯನ್ನು ತಾನೇ ಕಂಡುಕೊಂಡಿದೆ. ಈ ಪ್ರಶ್ನೆ ಇಟ್ಟುಕೊಂಡು ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’ (2018), ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಜನರೇ ನಟಿಸಿದ ‘ಶಿವಮ್ಮ’ (2022) ನೋಡಿ. ಇಂಥ ಹೊಸ ಚಿತ್ರವೇನಾದರೂ ಹಾಸನಕ್ಕೆ ಬಂದರೆ ಭಾನುವಾರಕ್ಕೆಂದು ಕಾಯದೆ ಮೊದಲ ದಿನವೇ ಹೋಗಿಬನ್ನಿ.