ಸರಕು ಪಿಕಪ್ಪು ಮೋಟಾರಿನಲ್ಲಿ ಡೀಸೆಲಿನ ಮಿತವ್ಯಯ

ಬೆಳೆದ ಮಾಲನ್ನು ಪೇಟೆಗೆ ಸಾಗಿಸುವ ಕಾರ್ಯವು ಪೂರ್ವದಲ್ಲಿ ಎತ್ತಿನ ಗಾಡಿಗಳಿಂದ ನಡೆಯುತ್ತಿದ್ದಿತು. ಎತ್ತುಗಳ ಮೇವು ಹೊಲದಲ್ಲಿಯೇ ದೊರೆಯುತ್ತಿದ್ದುದರಿಂದ ಅದರ ವೆಚ್ಚವು ಒಕ್ಕಲಿಗನ ಕಣ್ಣಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಈಗ ಅನೇಕ ಗ್ರಾಮಗಳಲ್ಲಿ ಆ ಸ್ಥಾನವನ್ನು ಪಿಕಪ್ಪು ಎಂಬ ಸರಕು ಮೋಟಾರು ಪಡೆದಿರುತ್ತದೆ. ಇದರ ಮೇವನ್ನು ಪ್ರತಿಸಲವೂ ನಗದು ತೆತ್ತು ಕೊಳ್ಳಬೇಕು. ಟೊಮೇಟೊ, ಕೋಸು ಮುಂತಾದ ಮಾಲಿನ ಧಾರಣೆಯು ಕುಸಿದ ದಿವಸ, ಬಂದ ಹಣವು ಡೀಸೆಲಿಗೂ ಹಮಾಲಿಗೂ ಸರಿಹೋಗಿ, ಬೆಳೆದವನು ಬರಿಗೈಯಲ್ಲಿ ಹಿಂತಿರುಗುವುದುಂಟು. ಆದಕಾರಣ ಈ ವಾಹನವನ್ನಿಟ್ಟಿರುವ ಜಮೀನುದಾರರು ಇದರ ವ್ಯಯದ ಮರ್ಮವನ್ನು ತಿಳಿದಿರುವುದು ಅವಶ್ಯಕ.

ಅಮೆರಿಕದಲ್ಲಿ ಫೋರ್ಡ್ ಕಂಪೆನಿಯವರು 1925ನೆಯ ಇಸವಿಯಲ್ಲಿ ತಮ್ಮ ಮಾಡೆಲ್ ಟೀ ಮೋಟಾರಿಗೆ ಹಿಂಭಾಗದಲ್ಲಿ ಸರಕಿನ ತೊಟ್ಟಿಯನ್ನು ಕೂಡಿಸಿ ಪಿಕಪ್ಪು ಎಂಬ ಹೆಸರಿನಿಂದಲೇ ಮಾರಿದರು. ಆ ದೇಶದ ದೊಡ್ಡ ಪಿಕಪ್ಪುಗಳಲ್ಲಿ ಐದು ಲೀಟರಿಗೂ ಮೀರಿದ ಇಂಜಿನುಗಳಿರುವುವು. ನಮ್ಮಲ್ಲಿ ಬಳಕೆಯಲ್ಲಿರುವುವು ಸಾಧಾರಣವಾಗಿ ಎರಡೂವರೆ ಲೀಟರಿನ ಆಸುಪಾಸಿನವು. ಗಾತ್ರವು ಯಾವುದಾದರೂ ನಿಯಮವು ಒಂದೇ. ಇಂಜಿನು ದೊಡ್ಡದಾದಷ್ಟೂ ತನ್ನ ಅಂಗಾಂಗಗಳ ತಿಕ್ಕಾಟವನ್ನು ಗೆಲ್ಲುವುದಕ್ಕೇ ಹೆಚ್ಚು ಎಣ್ಣೆಯನ್ನು ನುಂಗುವುದು. ಹೊರೆಯಿರಲಿ, ಇಲ್ಲದಿರಲಿ, ಈ ಕಂದಾಯವು ತಪ್ಪದು. ಒಂದು ಟನ್ನು ಹೇರಿಕೊಂಡು ಹೋದ ವಾಹನವು ಖಾಲಿಯಾಗಿ ಹಿಂತಿರುಗುವಾಗ ವ್ಯಯವು ಕೊಂಚ ತಗ್ಗುವುದೇ ವಿನಾ ಅರ್ಧಕ್ಕೆ ಇಳಿಯುವುದಿಲ್ಲ. ಹತ್ತು ಕ್ರೇಟು ಮಾಲಿಗಾಗಿ ಒಂದು ವಾಹನವನ್ನು ಓಡಿಸುವುದಕ್ಕಿಂತ, ನಾಲ್ಕು ಮನೆಯವರು ಕೂಡಿ ಒಂದೇ ಸಲ ತುಂಬಿ ಕಳುಹಿಸಿ, ಬರುವಾಗ ಗೊಬ್ಬರವನ್ನೋ ಹಿಂಡಿಯನ್ನೋ ತರಿಸಿಕೊಂಡರೆ ಆಗುವ ಉಳಿತಾಯವು ಇತರ ಯಾವ ಉಪಾಯದಿಂದಲೂ ಆಗದು. ಇಂತಹ ಏರ್ಪಾಡಿಗೆ ಗ್ರಾಮದ ಮುಖಂಡರೇ ಮುಂದಾಳಾಗಬೇಕಾಗುವುದು.

ತರುವಾಯದ ವಿಷಯವು ವೇಗ. ಗಾಳಿಯ ತಡೆಯು ವೇಗದ ವರ್ಗದಂತೆ ಏರುವುದು. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಏರಿಸಿದರೆ ವೇಗವು ಮೂರರಲ್ಲಿ ಒಂದು ಪಾಲು ಹೆಚ್ಚಿದರೂ, ಗಾಳಿಯ ತಡೆಯು ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಬೆಳೆಯುವುದು. ಅರುವತ್ತು ಕಿಲೋಮೀಟರಿನ ದಾರಿಯಲ್ಲಿ ಇದರಿಂದ ಉಳಿಯುವ ಕಾಲವು ಹದಿನೈದು ನಿಮಿಷ ಮಾತ್ರ. ಇದನ್ನರಿತೇ ಅಮೆರಿಕದ ಸರ್ಕಾರವು 1973ರ ಎಣ್ಣೆಯ ಬಿಕ್ಕಟ್ಟಿನ ನಂತರ, 1974ರಲ್ಲಿ, ದೇಶಕ್ಕೆಲ್ಲಾ ಗಂಟೆಗೆ 55 ಮೈಲಿಯ ಮಿತಿಯನ್ನು ವಿಧಿಸಿತು. 1995ರಲ್ಲಿ ಅದನ್ನು ತೆಗೆದುಹಾಕಲಾಯಿತು. ಹಿಂಬದಿಯ ಬಾಗಿಲನ್ನು ಇಳಿಸಿದರೆ ಗಾಳಿಯು ಸಲೀಸಾಗಿ ಹೊರಟುಹೋಗುವುದೆಂದು ಕೆಲವರು ನಂಬಿರುವರು. ಅಮೆರಿಕದ ಪಿಕಪ್ಪುಗಳನ್ನು ಪರೀಕ್ಷಿಸಿದಾಗ ಇದು ಸುಳ್ಳೆಂದು ಕಂಡುಬಂದಿತು. ಬಾಗಿಲು ಮುಚ್ಚಿರುವಾಗ ತೊಟ್ಟಿಯೊಳಗಿನ ಗಾಳಿಯು ಅಲ್ಲಿಯೇ ಸುಳಿಗಟ್ಟಿ ನಿಲ್ಲುವುದು. ಮೇಲಿನ ಗಾಳಿಯು ಅದರ ಮೇಲೆ ಜಾರಿಹೋಗುವುದು. ನಿಜವಾದ ತಡೆಯೆಂದರೆ ಮುಂಗೂಡಿಗಿಂತ ಎತ್ತರವಾಗಿ ಹೇರಿದ ಹೊರೆ ಮತ್ತು ಪಟಪಟನೆ ಬಡಿಯುವ ಸಡಿಲ ತಾಡಪಾಲು.

ಈಗ ಹೇಳಬೇಕಾದುದು ಡೀಸೆಲಿನ ಮಾತಲ್ಲ, ಪ್ರಾಣದ ಮಾತು. ಶಿರಾಡಿ, ಚಾರ್ಮಾಡಿಯಂತಹ ಘಟ್ಟಗಳನ್ನಿಳಿಯುವಾಗ ಕೆಲವು ಚಾಲಕರು ಗೇರನ್ನು ಬಿಡಿಸಿ, ಕೆಲವರು ಇಂಜಿನನ್ನೇ ನಿಲ್ಲಿಸಿ, ವಾಹನವನ್ನು ತಾನಾಗಿ ಉರುಳಬಿಡುವರು. ಇದರಿಂದ ಎಣ್ಣೆಯು ಉಳಿಯುವುದೆಂಬುದು ಅವರ ಎಣಿಕೆ. ಗೇರಿನಲ್ಲಿದ್ದು, ಕಾಲನ್ನು ಎಕ್ಸಿಲರೇಟರಿನಿಂದ ತೆಗೆದಿರುವಾಗ, ಚಕ್ರಗಳೇ ಇಂಜಿನನ್ನು ತಿರುಗಿಸುವುವು. ಆಗ ಡೀಸೆಲ್ ಇಂಜಿನಿಗೆ ಎಣ್ಣೆಯ ಸರಬರಾಜೇ ನಿಂತುಹೋಗುವುದು. ಗೇರನ್ನು ಬಿಡಿಸಿದೊಡನೆ ಇಂಜಿನು ತಾನು ನಿಲ್ಲದಿರುವುದಕ್ಕಾಗಿ ಪುನಃ ಎಣ್ಣೆಯನ್ನು ಉರಿಸತೊಡಗುವುದು. ಅಂದರೆ ಉಳಿಸಹೊರಟವನು ಹೆಚ್ಚು ವ್ಯಯಮಾಡುವನು. ಇನ್ನು ಇಂಜಿನನ್ನು ನಿಲ್ಲಿಸಿದವನ ಗತಿಯು ಮತ್ತೂ ಕಷ್ಟ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ಇಂಜಿನಿನಿಂದ ಒದಗುವ ಸಹಾಯವು ಮುಗಿದು, ಪೆಡಲು ಕಲ್ಲಿನಂತಾಗುವುದು. ಇಂಜಿನಿನ ಹಿಡಿತವಿಲ್ಲದೆ ಹೊರೆಯನ್ನೆಲ್ಲಾ ಬ್ರೇಕೇ ತಡೆಯಬೇಕಾಗಿ, ಅದು ಕಾದು ತನ್ನ ಕಸುವನ್ನು ಕಳೆದುಕೊಳ್ಳುವುದು. ಏರುವಾಗ ಯಾವ ಗೇರು ಬೇಕಾಗುವುದೋ ಇಳಿಯುವಾಗಲೂ ಅದೇ ಗೇರಿನಲ್ಲಿರತಕ್ಕುದೆಂಬ ಹಳೆಯ ಚಾಲಕರ ಕಟ್ಟಳೆಯೇ ಸರಿಯಾದುದು. ಮಾಲೀಕರು ಇದನ್ನು ಚಾಲಕನಿಗೆ ಬಾಯಿಮಾತಿನಲ್ಲಿ ಹೇಳಿ ಬಿಡದೆ, ಒಮ್ಮೆ ಜೊತೆಯಲ್ಲಿ ಕುಳಿತು ನೋಡುವುದು ಮೇಲು.

ಮಾರುಕಟ್ಟೆಯ ಬಾಗಿಲಿನಲ್ಲಿ ಸರದಿ ಕಾಯುವಾಗ ಇಂಜಿನನ್ನು ಸುಮ್ಮನೆ ಓಡಿಸುವುದು ಸಾಮಾನ್ಯ ಅಭ್ಯಾಸ. ಎರಡೂವರೆ ಲೀಟರಿನ ಡೀಸೆಲ್ ಇಂಜಿನು ಹೀಗೆ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಉರಿಸುವುದು. ನಿಲ್ಲಿಸುವುದೇ ಲೇಸು, ಆದರೆ ಟರ್ಬೋ ಇರುವ ಇಂಜಿನು ಭಾರದ ಏರನ್ನು ಹತ್ತಿ ಬಂದಿದ್ದರೆ ಒಂದು ನಿಮಿಷ ತಣಿಯಲು ಬಿಟ್ಟು ಅನಂತರ ನಿಲ್ಲಿಸತಕ್ಕುದು.

ಟಯರಿನ ಗಾಳಿಯ ವಿಷಯದಲ್ಲಿ ಉತ್ಪ್ರೇಕ್ಷೆಯು ಬಹಳ. ಅಮೆರಿಕದ ಸರ್ಕಾರದವರ ಲೆಕ್ಕದಂತೆ, ಎಲ್ಲ ಚಕ್ರಗಳಲ್ಲಿಯೂ ಸರಾಸರಿ ಒಂದು ಪೌಂಡು ಒತ್ತಡವು ತಗ್ಗಿದರೆ ಮೈಲೇಜು ಶೇಕಡಾ 0.2ರಷ್ಟು ಮಾತ್ರ ಇಳಿಯುವುದು. ಹತ್ತು ಪೌಂಡು ತಗ್ಗಿದರೂ ನಷ್ಟವು ಶೇಕಡಾ ಎರಡು. ಆದರೆ ಹೊರೆ ಹೊತ್ತ ಮೆತ್ತನೆಯ ಟಯರು ಕಾದು ಸಿಡಿಯುವ ಅಪಾಯವುಳ್ಳದ್ದಾದುದರಿಂದ, ಟಯರು ತಣ್ಣಗಿರುವಾಗಲೇ ತಯಾರಕರು ಸೂಚಿಸಿದ ಒತ್ತಡವನ್ನು ನೋಡಿಸುವುದು ಯುಕ್ತ. ಡೀಸೆಲಿನ ಕೊಳವೆಗೆ ಕಟ್ಟುವ ಅಯಸ್ಕಾಂತ ಮುಂತಾದುವನ್ನು ಮಾರುವವರು ಜಾತ್ರೆಗಳಲ್ಲಿಯೂ ದೊರೆಯುವರು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದಾಗ, ಬೆರಳೆಣಿಕೆಯವು ಮಾತ್ರ ಅಲ್ಪಸ್ವಲ್ಪ ಫಲವನ್ನು ತೋರಿದುವು.

ಇಷ್ಟೆಲ್ಲಾ ಮಾಡಿಯೂ ಉಳಿದುದೆಷ್ಟೆಂಬುದು ಲೆಕ್ಕವಿಟ್ಟವನಿಗಲ್ಲದೆ ತಿಳಿಯದು. ಟ್ಯಾಂಕನ್ನು ತುಂಬಿಸಿದ ದಿವಸ ಮೀಟರಿನ ಅಂಕೆಯನ್ನು ಬರೆದಿಟ್ಟು, ಪುನಃ ತುಂಬಿಸಿದಾಗ ಓಡಿದ ಕಿಲೋಮೀಟರುಗಳನ್ನು ಹಿಡಿದ ಲೀಟರುಗಳಿಂದ ಭಾಗಿಸತಕ್ಕುದು. ಒಂದೆರಡು ಸಲದ ಅಂಕೆಯನ್ನು ನಂಬಲಾಗದು; ಐದಾರು ಸಲ ನೋಡಬೇಕು. ಲೀಟರಿಗೆ 12 ಕಿಲೋಮೀಟರು ಕೊಡುತ್ತಿದ್ದ ವಾಹನವು 10ಕ್ಕೆ ಇಳಿದರೆ, ನೂರು ಕಿಲೋಮೀಟರಿಗೆ ಸುಮಾರು 1.7 ಲೀಟರಿನಷ್ಟು ಹೆಚ್ಚು ವ್ಯಯವಾಯಿತು. ಹೊರೆಯೂ ದಾರಿಯೂ ಮೊದಲಿನಂತೆಯೇ ಇದ್ದರೆ ದೋಷವು ವಾಹನದಲ್ಲಿರುವುದು. ಕಪ್ಪು ಹೊಗೆ ಬರುತ್ತಿದ್ದರೆ, ಕಚ್ಚಾ ರಸ್ತೆಯ ಧೂಳಿನಿಂದ ಕಟ್ಟಿಕೊಂಡ ಗಾಳಿಯ ಫಿಲ್ಟರನ್ನು ಮೊದಲು ನೋಡಿಸುವುದು. ಹೊಗೆಯಿಲ್ಲದಿದ್ದರೆ, ಬ್ರೇಕನ್ನು ಹೆಚ್ಚು ತುಳಿಯದೆ ಸಮದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರಗಳ ಬಳಿಯೂ ಕೈಯನ್ನು ಸಮೀಪಕ್ಕೆ ಒಯ್ದು ನೋಡುವುದು. ಮಿಕ್ಕವುಗಳಿಗಿಂತ ಬಿಸಿಯಾಗಿರುವ ಚಕ್ರದಲ್ಲಿ ಬ್ರೇಕು ಬಿಡದೆ ಅಂಟಿಕೊಂಡಿರುವ ಸಂಭವವುಂಟು.